ಆಸ್ಟೇರಿಯನ್ ಪ್ರಕರಣ: ಪ್ರೀತಿಯೊಂದೇ ಸಾಕಾಗಿತ್ತಾ?

ರೊಮ್ಯಾನ್ಸ್ ಇರುವ ವಿಡಿಯೋ ಗೇಮ್‌ಗಳಲ್ಲಿ ಒಂದು ಲೆಕ್ಕ ಬಹಳ ದಿನದಿಂದ ನಡೆದು ಬಂದಿದೆ. ನೊಂದ ಪಾತ್ರ ಒಂದಿರುತ್ತದೆ. ಕಹಿ ಮಾತು, ಹೇಳಿಕೊಳ್ಳಲಾಗದ ಹಳೇ ಗಾಯ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದ ಸ್ವಭಾವ. ಅವನಿಗೆ ಇಷ್ಟವಾದ ಉಡುಗೊರೆ ಕೊಡಬೇಕು, ಸರಿಯಾದ ಉತ್ತರ ಆರಿಸಬೇಕು, ಹೃದಯದ ಗುರುತು ಒಂದೊಂದಾಗಿ ತುಂಬಬೇಕು. ಎಲ್ಲ ತುಂಬಿದ ದಿನ ಅವನು ಬೇರೆ ಮನುಷ್ಯ. ಆಡಿದವರಿಗೂ ತೃಪ್ತಿ. ನನ್ನ ಪ್ರೀತಿಯಿಂದ ಒಬ್ಬ ಉದ್ಧಾರ ಆದ ಅಂತ.

ನಮ್ಮ ಮನೆಗಳಲ್ಲೂ ಈ ಲೆಕ್ಕ ಹೊಸದಲ್ಲ. ದಾರಿ ತಪ್ಪಿದ ಹುಡುಗನಿಗೆ ಒಂದು ಹೆಣ್ಣು ನೋಡಿ ಮದುವೆ ಮಾಡಿಬಿಡಿ, ತಾನಾಗೇ ಸರಿ ಹೋಗ್ತಾನೆ ಅನ್ನುವವರು ಇವತ್ತಿಗೂ ಇದ್ದಾರೆ. ಹುಚ್ಚು ಬಿಡದೆ ಮದುವೆ ಆಗೋದಿಲ್ಲ, ಮದುವೆ ಆಗದೆ ಹುಚ್ಚು ಬಿಡೋದಿಲ್ಲ ಅಂತ ಗಾದೆ. ಗಾದೆ ಹೇಳುವುದು ಬಿಡಿಸಲಾಗದ ಸಿಕ್ಕಿನ ಕಥೆ. ಜನ ಹಿಡಿದುಕೊಂಡಿರುವುದು ಅದರ ಎರಡನೇ ಅರ್ಧವನ್ನು ಮಾತ್ರ.

ಈ ನಂಬಿಕೆಯನ್ನು ಪರೀಕ್ಷೆಗೆ ಹಚ್ಚಲು ನಾನು ಆರಿಸಿಕೊಂಡಿರುವುದು ಒಂದೇ ಒಂದು ಪಾತ್ರ. ಬಾಲ್ಡರ್ಸ್ ಗೇಟ್ 3 ಆಟದ ಆಸ್ಟೇರಿಯನ್. ಈ ಆಟದಲ್ಲಿ ಒಂದೇ ಮನುಷ್ಯನನ್ನು ಪ್ರೀತಿಸಿ ನೋಡಬಹುದು, ಪ್ರೀತಿಸದೆ ಗೆಳೆಯನಾಗಿ ಉಳಿದು ನೋಡಬಹುದು. ಎರಡೂ ದಾರಿಯಲ್ಲಿ ಅವನು ಒಳ್ಳೆಯ ಕಡೆಗೂ ಹೋಗಬಹುದು, ಕೆಟ್ಟ ಕಡೆಗೂ ಹೋಗಬಹುದು. ನಿಜ ಜೀವನದಲ್ಲಿ ಇಂಥ ಹೋಲಿಕೆ ಯಾರಿಗೂ ಸಿಗುವುದಿಲ್ಲ. ಆಟ ಇನ್ನೂ ಮುಗಿಸದವರು ಗಮನಿಸಿ, ಮುಂದೆ ಅವನ ಕಥೆಯೆಲ್ಲ ಬಿಚ್ಚಿಕೊಳ್ಳುತ್ತದೆ.

ಅವನ ಹಿನ್ನೆಲೆ

ಬೆಲ್ಜಿಯಂನ ಘೆಂಟ್ ಊರಿನ ಲೇರಿಯನ್ ಸ್ಟುಡಿಯೋಸ್ ಮಾಡಿದ ಆಟ ಇದು. ಅರ್ಧಂಬರ್ಧ ರೂಪದಲ್ಲಿ 2020ರ ಅಕ್ಟೋಬರ್‌ನಲ್ಲೇ ಆಟಗಾರರ ಕೈಗೆ ಬಂದಿತ್ತು. ಪೂರ್ತಿ ಆಟ ಬಿಡುಗಡೆಯಾದದ್ದು 2023ರ ಆಗಸ್ಟ್ 3ರಂದು. ಆಸ್ಟೇರಿಯನ್ ಪಾತ್ರ ಬರೆದವರಲ್ಲಿ ಮುಖ್ಯರು ಸ್ಟೀಫನ್ ರೂನಿ. ದನಿ ಮತ್ತು ದೇಹ ಕೊಟ್ಟವರು ನೀಲ್ ನ್ಯೂಬನ್. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಅವರಿಗೆ ಅತ್ಯುತ್ತಮ ಅಭಿನಯದ ಪ್ರಶಸ್ತಿ ಬಂತು. ಆಟಕ್ಕೆ ವರ್ಷದ ಅತ್ಯುತ್ತಮ ಆಟ ಎಂಬ ಪ್ರಶಸ್ತಿಯೂ ಬಂತು.

ಆಸ್ಟೇರಿಯನ್ ಎಲ್ಫ್ ಎಂಬ ಕಲ್ಪಿತ ಜನಾಂಗದವನು. ಬದುಕಿದ್ದಾಗ ಬಾಲ್ಡರ್ಸ್ ಗೇಟ್ ನಗರದಲ್ಲಿ ನ್ಯಾಯಾಧಿಕಾರಿಯಾಗಿದ್ದ. ಒಂದು ರಾತ್ರಿ ಗುರ್ ಎಂಬ ಅಲೆಮಾರಿ ಜನ ಅವನ ಮೇಲೆ ಬಿದ್ದು ಸಾಯುವ ಹಾಗೆ ಹೊಡೆದರು. ಆಗ ಬಂದು 'ಕಾಪಾಡಿದವನು' ಕ್ಯಾಜಡೋರ್ ಸಾರ್, ರಕ್ತ ಕುಡಿದು ಬದುಕುವ ಒಬ್ಬ ವ್ಯಾಂಪೈರ್ ದೊರೆ. ಜೀವ ಉಳಿಸಿದ, ಬದಲಿಗೆ ಸುಮಾರು 200 ವರ್ಷ ಗುಲಾಮನನ್ನಾಗಿ ಇಟ್ಟುಕೊಂಡ. ಇಂಥ ಗುಲಾಮರನ್ನು ಆಟದಲ್ಲಿ ಸ್ಪಾನ್ ಅನ್ನುತ್ತಾರೆ. ಅವರದ್ದು ವ್ಯಾಂಪೈರ್‌ನ ಹಸಿವು, ಆದರೆ ವ್ಯಾಂಪೈರ್‌ನ ಶಕ್ತಿ ಇಲ್ಲ. ಯಜಮಾನ ಹೇಳಿದ್ದನ್ನು ಅವರ ಮೈ ತಾನಾಗೇ ಮಾಡುತ್ತದೆ. ಬೇಡ ಅನ್ನುವ ಅವಕಾಶವೇ ಇಲ್ಲ.

ಅವನಿಗೆ ವಹಿಸಿದ್ದ ಕೆಲಸ ಒಂದೇ. ರಾತ್ರಿ ಊರೊಳಗೆ ಹೋಗಬೇಕು, ಚೆಂದದ ಮುಖ ತೋರಿಸಿ, ಸಿಹಿ ಮಾತಾಡಿ, ಹಾಸಿಗೆಯ ಆಸೆ ಹುಟ್ಟಿಸಿ ಒಬ್ಬರನ್ನು ಅರಮನೆಗೆ ಕರೆತರಬೇಕು. ಹಾಗೆ ಕರೆತಂದವರು ಕ್ಯಾಜಡೋರ್‌ಗೆ ಊಟ. ಆಸ್ಟೇರಿಯನ್‌ಗೆ ಸಿಗುತ್ತಿದ್ದದ್ದು ಇಲಿ, ಹುಳು ಹುಪ್ಪಟೆ. ಒಮ್ಮೆ ಒಬ್ಬ ಹುಡುಗನನ್ನು ಕರೆತರಲು ಅವನಿಗೆ ಮನಸ್ಸೇ ಬರಲಿಲ್ಲ. ಅದಕ್ಕೆ ಶಿಕ್ಷೆ, ಒಂದು ವರ್ಷ ಗೋರಿಯೊಳಗೆ ಕತ್ತಲಲ್ಲಿ ಬಂಧನ. ಬೆನ್ನಿನ ಮೇಲೆ ಕ್ಯಾಜಡೋರ್ ಚಾಕುವಿನಿಂದ ಕೆತ್ತಿದ ಗೆರೆಗಳಿವೆ. ಏನು ಬರೆದಿದೆ ಅಂತ ಅವನಿಗೇ ಗೊತ್ತಿಲ್ಲ. ವ್ಯಾಂಪೈರ್‌ಗೆ ಕನ್ನಡಿಯಲ್ಲಿ ಪ್ರತಿಬಿಂಬ ಇರುವುದಿಲ್ಲ. ಹಾಗಾಗಿ ತನ್ನ ಮುಖ ಹೇಗಿತ್ತು ಅನ್ನುವುದನ್ನೂ ಅವನು ಮರೆತಿದ್ದಾನೆ.

ಆಟ ಶುರುವಾಗುವ ಹೊತ್ತಿಗೆ ಬೇರೆಯದೇ ಒಂದು ಆಪತ್ತು ಬಂದಿರುತ್ತದೆ. ಮೈಂಡ್ ಫ್ಲೇಯರ್‌ಗಳೆಂಬ ಜೀವಿಗಳು ಅವನನ್ನು ಅಪಹರಿಸಿ, ಕಣ್ಣಿನ ಮೂಲಕ ಮಿದುಳಿಗೆ ಒಂದು ಹುಳ ಬಿಟ್ಟಿವೆ. ಅವನ ಹಾಗೇ ಹುಳ ಹೊಕ್ಕ ನಿಮಗೂ ಉಳಿದ ಜೊತೆಗಾರರಿಗೂ ಅದು ಶಾಪ. ಅವನಿಗೆ ಮಾತ್ರ ವರ. ಆ ಹುಳದಿಂದಾಗಿಯೇ ಬಿಸಿಲು ಸುಡುವುದಿಲ್ಲ, ಕ್ಯಾಜಡೋರ್‌ನ ಆಜ್ಞೆ ತಲೆಗೆ ತಲುಪುವುದಿಲ್ಲ. ಇದನ್ನು ನೆನಪಿಡಬೇಕು. ಅವನ ಬಿಡುಗಡೆಯ ಮೊದಲ ಹೆಜ್ಜೆ ಇಟ್ಟದ್ದು ಯಾರ ಪ್ರೀತಿಯೂ ಅಲ್ಲ. ಅವನನ್ನು ಹಿಂಸಿಸುತ್ತಿದ್ದವನಿಂದ ಸಿಕ್ಕ ದೂರ.

ಅವನ ಮೆಚ್ಚುಗೆ ಗಳಿಸುವುದು ಎಂದರೆ

ಮೊದಲ ಭೇಟಿಯಲ್ಲೇ ಸುಳ್ಳು ಹೇಳಿ ಹತ್ತಿರ ಕರೆದು ನಿಮ್ಮ ಕುತ್ತಿಗೆಗೆ ಚಾಕು ಹಿಡಿಯುತ್ತಾನೆ. ಆಮೇಲೆ ನಗುತ್ತಾ ಜೊತೆಗೆ ಬರುತ್ತಾನೆ. ನಿಮ್ಮ ಒಂದೊಂದು ನಿರ್ಧಾರವನ್ನೂ ಅವನು ಮೆಚ್ಚುತ್ತಾನೆ ಅಥವಾ ಮುಖ ಸಿಂಡರಿಸುತ್ತಾನೆ. ಆಟ ಅದನ್ನು ಒಳಗೊಳಗೇ ಲೆಕ್ಕ ಇಡುತ್ತದೆ.

ಆದರೆ ಅವನು ಯಾವುದನ್ನು ಮೆಚ್ಚುತ್ತಾನೆ ನೋಡಿ. ನಿರಾಶ್ರಿತರಿಗೆ ಏನನ್ನೂ ಕೇಳದೆ ನೆರವಾದರೆ ಅವನಿಗೆ ಬೇಜಾರು. ಯಾರನ್ನಾದರೂ ಹೀಯಾಳಿಸಿದರೆ, ಅಧಿಕಾರ ಸಿಗುವ ಕಡೆ ವಾಲಿದರೆ ಖುಷಿ. ಮೊದಲ ಭಾಗದ ಕೊನೆಗೆ ನೀವು ನಿರಾಶ್ರಿತರ ತೋಪನ್ನು ಉಳಿಸಬಹುದು, ಅಥವಾ ಗಾಬ್ಲಿನ್ ಎಂಬ ಕ್ರೂರ ಜೀವಿಗಳ ಜೊತೆ ಸೇರಿ ಅಲ್ಲಿದ್ದವರನ್ನು ಕೊಲ್ಲಬಹುದು. ಎರಡರಲ್ಲಿ ಯಾವುದು ಮಾಡಿದರೂ ಆ ರಾತ್ರಿಯ ಪಾರ್ಟಿಯಲ್ಲಿ ಅವನು ನಿಮ್ಮ ಕೈ ಹಿಡಿಯಲು ತಯಾರು.

ಹಾಗಾಗಿ 'ಹೃದಯ ತುಂಬಿಸಿದರೆ ಸರಿ ಹೋಗ್ತಾನೆ' ಅನ್ನುವ ಲೆಕ್ಕ ಇಲ್ಲಿ ಬುಡದಲ್ಲೇ ಮುರಿದು ಬೀಳುತ್ತದೆ. ಹೃದಯವನ್ನು ಅವನ ಕ್ರೌರ್ಯಕ್ಕೆ ತಾಳ ಹಾಕಿಯೂ ತುಂಬಿಸಬಹುದು. ತುಂಬಿದ ಹೃದಯ ಹೇಳುವುದು ಇಷ್ಟೇ, ನಿಮ್ಮ ಜೊತೆ ಇರುವುದು ಅವನಿಗೆ ಇಷ್ಟ. ಅವನು ಯಾವ ಕಡೆ ಹೊರಟಿದ್ದಾನೆ ಅನ್ನುವುದನ್ನು ಅದು ಹೇಳುವುದಿಲ್ಲ.

ರಕ್ತ ಕೇಳಿದ ರಾತ್ರಿ

ಮೊದಲ ಭಾಗದಲ್ಲೇ ಒಂದು ರಾತ್ರಿ ನೀವು ಎಚ್ಚರವಾದಾಗ ಅವನು ನಿಮ್ಮ ಕತ್ತಿನ ಮೇಲೆ ಬಗ್ಗಿರುತ್ತಾನೆ. ಸಿಕ್ಕಿಬಿದ್ದ ಮೇಲೆ ನಿಜ ಒಪ್ಪಿಕೊಳ್ಳುತ್ತಾನೆ. ಹಸಿವು, ನಿಶ್ಶಕ್ತಿ, ಸ್ವಲ್ಪವೇ ಸ್ವಲ್ಪ ಸಾಕು ಅನ್ನುತ್ತಾನೆ. ನೀವು ಅವನನ್ನು ಅಲ್ಲೇ ಕೊಲ್ಲಬಹುದು, ಬೇಡ ಅನ್ನಬಹುದು, ಅಥವಾ ಕುಡಿಯಲು ಬಿಡಬಹುದು.

ಬಿಟ್ಟರೆ ಅಲ್ಲಿಗೆ ಮುಗಿಯುವುದಿಲ್ಲ. ಅವನು ಕುಡಿಯುತ್ತಾ ಹೋಗುತ್ತಾನೆ. ಒಂದು ಹಂತದಲ್ಲಿ 'ಸಾಕು' ಅನ್ನಬೇಕಾಗುತ್ತದೆ. ಸಾಕು ಅಂದರೆ ನಿಲ್ಲಿಸುತ್ತಾನೆ, ಬಾಯಿ ಒರೆಸಿಕೊಳ್ಳುತ್ತಾನೆ, ಮಾರನೇ ದಿನ ನಿಮಗೆ ಸ್ವಲ್ಪ ಸುಸ್ತು ಇರುತ್ತದೆ, ಅಷ್ಟೇ. ಸಾಕು ಅನ್ನದೆ ಪೂರ್ತಿ ಬಿಟ್ಟುಕೊಟ್ಟರೆ ನೀವು ಸತ್ತೇ ಹೋಗುತ್ತೀರಿ. ಅವನಿಗೆ ನಿಮ್ಮನ್ನು ಕೊಲ್ಲುವ ಉದ್ದೇಶ ಇರಲಿಲ್ಲ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಅವನಿಗೆ ಗೊತ್ತಿಲ್ಲ, ಯಾಕೆಂದರೆ ಅವನ ಜೀವನದಲ್ಲಿ ಇಲ್ಲಿಯವರೆಗೆ ಯಾರೂ ಯಾರ ಮಾತಿಗೂ ನಿಲ್ಲಿಸಿದ್ದೇ ಇಲ್ಲ. ಇಡೀ ಪ್ರಕರಣದ ಬೀಜ ಈ ಪುಟ್ಟ ದೃಶ್ಯದಲ್ಲಿದೆ ಅಂತ ನನ್ನ ನಂಬಿಕೆ. ಅವನಿಗೆ ಕೊಟ್ಟದ್ದೂ ಒಳ್ಳೆಯದೇ, ತಡೆದದ್ದೂ ಒಳ್ಳೆಯದೇ. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದರೆ ಯಾರಾದರೊಬ್ಬರು ಉಳಿಯುವುದಿಲ್ಲ.

ಮೂನ್‌ರೈಸ್‌ನಲ್ಲಿ ನಡೆದದ್ದು

ಎರಡನೇ ಭಾಗದಲ್ಲಿ ಮೂನ್‌ರೈಸ್ ಕೋಟೆಗೆ ಹೋಗುತ್ತೀರಿ. ಅಲ್ಲಿ ಆರಾಜ್ ಓಬ್ಲೋಡ್ರಾ ಎಂಬ ಹೆಂಗಸು ಮದ್ದು ಮಾರುತ್ತಿರುತ್ತಾಳೆ. ವ್ಯಾಂಪೈರ್ ತನ್ನನ್ನು ಕಚ್ಚಬೇಕು ಅನ್ನುವುದು ಅವಳ ಬಹುದಿನದ ಆಸೆ. ಆಸ್ಟೇರಿಯನ್‌ನನ್ನು ನೋಡಿದ ಕೂಡಲೇ ಕೇಳುತ್ತಾಳೆ. ಕೇಳುವುದು ಅವನನ್ನಲ್ಲ, ನಿಮ್ಮನ್ನು. ಒಂದು ಸಾಮಾನಿನ ಬಗ್ಗೆ ಅದರ ಮಾಲೀಕನ ಹತ್ತಿರ ವಿಚಾರಿಸಿದ ಹಾಗೆ. ಒಪ್ಪಿದರೆ ಒಂದು ಮದ್ದು ಕೊಡುತ್ತಾಳೆ. ಕುಡಿದವರ ಮೈಬಲ ಶಾಶ್ವತವಾಗಿ 2 ಅಂಕ ಏರುತ್ತದೆ. ಈ ಆಟ ಆಡಿದವರಿಗೆ ಅದರ ಬೆಲೆ ಗೊತ್ತು. ಅಂಥದ್ದು ಬೇರೆ ಕಡೆ ಸುಲಭಕ್ಕೆ ಸಿಗುವುದಿಲ್ಲ.

ಆಸ್ಟೇರಿಯನ್ ಬೇಡ ಅನ್ನುತ್ತಾನೆ. ಅವಳ ರಕ್ತದ ವಾಸನೆಯೇ ಅವನಿಗೆ ಹೇಸಿಗೆ. ಆದರೂ ನೀವು ಒತ್ತಾಯ ಮಾಡಬಹುದು. ಒಂದು ಸಲ ಕಚ್ಚಿದರೆ ಏನಾಗುತ್ತೆ, ನಮಗೆಲ್ಲ ಉಪಯೋಗ ಅಲ್ವಾ ಅಂತ. ಒತ್ತಾಯ ಮಾಡಿದರೆ ಅವನು ಕಚ್ಚುತ್ತಾನೆ. ಮುಖದಲ್ಲಿ ಅಸಹ್ಯ ಇಟ್ಟುಕೊಂಡೇ ಕಚ್ಚುತ್ತಾನೆ. 200 ವರ್ಷದ ಅಭ್ಯಾಸ ಅದು, ಯಾರೋ ಹೇಳಿದ್ದಕ್ಕೆ ಮೈ ಒಪ್ಪಿಸುವುದು.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಒತ್ತಾಯ ಮಾಡುವ ಹೊತ್ತಿಗೆ ನೀವು ಅವನ ಪ್ರೇಮಿಯೇ ಆಗಿರಬಹುದು. ಅವನನ್ನು ಪ್ರೀತಿಸುತ್ತಲೇ 2 ಅಂಕಕ್ಕೆ ಅವನನ್ನು ಕಳಿಸಿಕೊಡಬಹುದು. ಪ್ರೀತಿ ಇದೆ ಅನ್ನುವುದು ಅದಕ್ಕೆ ಅಡ್ಡ ಬರುವುದೇ ಇಲ್ಲ. ಆಟ ಬರೆದವರು ಈ ಬಾಗಿಲನ್ನು ತೆರೆದಿಟ್ಟದ್ದು ದೊಡ್ಡ ಧೈರ್ಯದ ಕೆಲಸ ಅನ್ನಿಸುತ್ತದೆ ನನಗೆ.

ಅವನ ಪರ ನಿಂತರೆ, ಅವನ ಮೈ ಅವನದು, ಅವನು ಬೇಡ ಅಂದಮೇಲೆ ಮಾತು ಮುಗಿಯಿತು ಅಂದರೆ, ಕಥೆ ಬೇರೆ ಕಡೆಗೆ ತಿರುಗುತ್ತದೆ. ಪ್ರೇಮದ ದಾರಿಯಲ್ಲಿದ್ದರೆ ಮುಂದೆ ಅವನು ಬಂದು ಒಂದು ತಪ್ಪೊಪ್ಪಿಗೆ ಮಾಡುತ್ತಾನೆ. ನಿನ್ನನ್ನು ಬಲೆಗೆ ಹಾಕಿಕೊಳ್ಳುವುದೇ ನನ್ನ ಯೋಜನೆಯಾಗಿತ್ತು. ನಿನ್ನ ಜೊತೆ ಮಲಗಿದರೆ, ನಿನ್ನ ಮನಸ್ಸು ಹಿಡಿದಿಟ್ಟರೆ, ಕಷ್ಟ ಬಂದಾಗ ನೀನು ನನ್ನ ಕೈ ಬಿಡಲ್ಲ ಅಂದುಕೊಂಡಿದ್ದೆ. ಹಳೇ ಅಭ್ಯಾಸ. ಆದರೆ ಈಗ ಇದು ನಿಜವಾಗಬೇಕು ಅಂತ ಆಸೆ ಹುಟ್ಟಿದೆ, ನಿಜವಾದ ನಂಟು ಹೇಗಿರುತ್ತೆ ಅಂತ ಮಾತ್ರ ಗೊತ್ತಿಲ್ಲ. ಅವನು ಹೇಳುವುದರ ಸಾರ ಇದು. ಹಾಸಿಗೆ ಅಂದರೆ ಅವನಿಗೆ ಇಲ್ಲಿಯವರೆಗೆ ಕೆಲಸ. ಮುಟ್ಟಿದರೆ ಹಳೆಯದೆಲ್ಲ ಕದಡಿ ಮೇಲೆ ಬರುತ್ತದೆ. ಸ್ವಲ್ಪ ದಿನ ಅದು ಬೇಡ ಅನ್ನುತ್ತಾನೆ.

ಈ ಹೊತ್ತಿನಲ್ಲಿ ಆಟಗಾರನಿಗೆ ಸಿಗುವ ಅತಿ ಒಳ್ಳೆಯ ಆಯ್ಕೆ ತುಂಬಾ ಚಿಕ್ಕದು. ಸುಮ್ನೆ ಅವನನ್ನು ಅಪ್ಪಿಕೊಳ್ಳುವುದು. ಮೊದಲು ಅವನ ಮೈ ಬಿಗಿಯುತ್ತದೆ. ಕೈ ಎಲ್ಲಿಡಬೇಕು ಅಂತ ತಿಳಿಯದೆ ನಿಂತಿರುತ್ತಾನೆ. ಆಮೇಲೆ ನಿಧಾನಕ್ಕೆ ಅವನೂ ಅಪ್ಪಿಕೊಳ್ಳುತ್ತಾನೆ. ನ್ಯೂಬನ್ ಅಭಿನಯ ಇಲ್ಲಿ ಮಾತಿಗಿಂತ ಭುಜದಲ್ಲಿ ಜಾಸ್ತಿ ಇದೆ. ದೌರ್ಜನ್ಯದಿಂದ ಪಾರಾದ ಎಷ್ಟೋ ಜನ ಈ ಪಾತ್ರದಲ್ಲಿ ತಮ್ಮನ್ನು ಕಂಡುಕೊಂಡದ್ದು ಆಶ್ಚರ್ಯವಲ್ಲ.

ಹಾಗಾದರೆ ಇಲ್ಲಿಗೆ ಪ್ರೀತಿ ಗೆದ್ದಿತಲ್ಲ ಅನ್ನಬಹುದು. ಗೆದ್ದಿಲ್ಲ. ಅವನು ಒಬ್ಬರನ್ನು ನಂಬಲು ಕಲಿತಿದ್ದಾನೆ, ಅದು ದೊಡ್ಡ ವಿಷಯವೇ. ಆದರೆ ಒಬ್ಬರನ್ನು ನಂಬುವ ಮನುಷ್ಯ ಉಳಿದ 7000 ಜನಕ್ಕೆ ಏನು ಮಾಡುತ್ತಾನೆ ಅನ್ನುವುದು ಬೇರೆಯೇ ಪ್ರಶ್ನೆ.

ಸಾರ್ ಅರಮನೆಯ ಕೆಳಗೆ

7000 ಅನ್ನುವ ಸಂಖ್ಯೆ ಎಲ್ಲಿಂದ ಬಂತು ಹೇಳುತ್ತೇನೆ. ಬೆನ್ನ ಮೇಲಿನ ಗೆರೆಗಳು ನರಕದ ಭಾಷೆಯ ಒಂದು ಕರಾರು ಅಂತ ರಾಫಾಯಲ್ ಎಂಬ ಪಿಶಾಚಿಯಿಂದ ಗೊತ್ತಾಗುತ್ತದೆ. ಕ್ಯಾಜಡೋರ್ ತನ್ನ 7 ಸ್ಪಾನ್‌ಗಳನ್ನೂ 7000 ಆತ್ಮಗಳನ್ನೂ ನರಕದ ದೊರೆಗಳಲ್ಲೊಬ್ಬನಾದ ಮೆಫಿಸ್ಟಫಿಲಿಸ್‌ಗೆ ಬಲಿ ಕೊಡಬೇಕು. ಕೊಟ್ಟರೆ ಬಿಸಿಲಿನಲ್ಲಿ ಓಡಾಡುವ, ಹಸಿವಿನ ಕಾಟ ಇಲ್ಲದ, ಎಲ್ಲರಿಗಿಂತ ಬಲಶಾಲಿ ವ್ಯಾಂಪೈರ್ ಆಗುತ್ತಾನೆ. ಆಸ್ಟೇರಿಯನ್ ಆ 7 ಬಲಿಗಳಲ್ಲಿ ಒಬ್ಬ. ಇದು ತಿಳಿದ ದಿನದಿಂದ ಅವನ ತಲೆಯಲ್ಲಿ ಒಂದೇ ವಿಚಾರ. ಕ್ಯಾಜಡೋರ್‌ನ ಜಾಗದಲ್ಲಿ ನಾನು ನಿಂತರೆ?

ಮೂರನೇ ಭಾಗದಲ್ಲಿ ಅರಮನೆಗೆ ಇಳಿಯುತ್ತೀರಿ. ಅಲ್ಲಿ ವೆಲಿಯೋತ್ ಎಂಬವನ ತಲೆಬುರುಡೆ ಇದೆ. ಅವನು ಕ್ಯಾಜಡೋರ್‌ನ ಯಜಮಾನನಾಗಿದ್ದವನು. ಕ್ಯಾಜಡೋರ್‌ನೂ ಒಂದು ಕಾಲಕ್ಕೆ ಸ್ಪಾನ್. ಅವನನ್ನೂ ಹೀಗೇ ಹಿಂಸಿಸಿದರು, ಅವನೂ ಯಜಮಾನನನ್ನು ಕೊಂದು ಯಜಮಾನನಾದ. ನೆಲಮಾಳಿಗೆಯ ಕತ್ತಲಲ್ಲಿ ಕಂಬಿಗಳ ಹಿಂದೆ ಆ 7000 ಜನ. ತಾನು ಕರೆತಂದವರೆಲ್ಲ ಆಗಲೇ ಸತ್ತಿದ್ದಾರೆ ಅಂದುಕೊಂಡಿದ್ದ ಆಸ್ಟೇರಿಯನ್. ಸತ್ತಿರಲಿಲ್ಲ. ಅವರನ್ನೂ ಸ್ಪಾನ್ ಮಾಡಿ ಕೂಡಿ ಹಾಕಿದ್ದರು. ಅವನೇ ಕದ್ದು ತಂದಿದ್ದ ಗುರ್ ಜನರ ಮಕ್ಕಳೂ ಅಲ್ಲಿದ್ದಾರೆ.

ಇದನ್ನು ನೋಡಿದ ಮೇಲಾದರೂ ಮನಸ್ಸು ಕರಗಬೇಕಲ್ಲ? ಕರಗುವ ಬದಲು ಅವನು ನೆಪ ಹುಡುಕುತ್ತಾನೆ. ಇವರು ಬದುಕಿದ್ದೂ ಸತ್ತ ಹಾಗೆ, ಹೊರಗೆ ಬಿಟ್ಟರೆ ಊರಿಗೆ ಊರನ್ನೇ ತಿಂದುಹಾಕುತ್ತಾರೆ, ಬಲಿ ಕೊಡುವುದೇ ವಾಸಿ ಅಂತ. ನಿಮ್ಮ ಜೊತೆ ಅಷ್ಟು ರಾತ್ರಿ ಕಳೆದವನು, ನಿಮ್ಮ ತೋಳಲ್ಲಿ ನಡುಗಿದವನು, ಇದನ್ನು ಹೇಳುತ್ತಿದ್ದಾನೆ. ಪ್ರೀತಿ ಅವನೊಳಗೆ ಇದೆ. ಭಯ ಅದಕ್ಕಿಂತ ಆಳದಲ್ಲಿದೆ.

ಕ್ಯಾಜಡೋರ್ ಸೋತು ಬಿದ್ದ ಮೇಲೆ ಆ ಗಳಿಗೆ ಬರುತ್ತದೆ. ಆ ಬಲಿಯ ವಿಧಿ ಮುಗಿಸಲು ತನ್ನ ಬೆನ್ನ ಮೇಲಿರುವ ಗೆರೆಗಳನ್ನು ಅವನು ಕ್ಯಾಜಡೋರ್ ಬೆನ್ನ ಮೇಲೆ ಕೆತ್ತಬೇಕು. ತನ್ನ ಬೆನ್ನು ತನಗೆ ಕಾಣುವುದಿಲ್ಲ. ನಿಮ್ಮ ಕಣ್ಣು ಬೇಕು. ಸಹಾಯ ಮಾಡು ಅನ್ನುತ್ತಾನೆ.

ಪ್ರೀತಿ ಅಂದರೆ ಕೇಳಿದ್ದನ್ನು ಕೊಡುವುದು ಅಂತ ನಂಬಿದವರು ಇಲ್ಲಿ ಹೂಂ ಅನ್ನುತ್ತಾರೆ. ಅವನು ಕೆತ್ತುತ್ತಾನೆ. ಅವನ ಒಡನಾಡಿ ಸ್ಪಾನ್‌ಗಳು ಸಾಯುತ್ತಾರೆ, 7000 ಆತ್ಮಗಳು ನರಕಕ್ಕೆ ಹೋಗುತ್ತವೆ, ಅವನು ಎದ್ದು ನಗುತ್ತಾನೆ. ಆಮೇಲೆ ಅವನು ನಿಮ್ಮನ್ನು ಬಿಟ್ಟು ಹೋಗುವುದಿಲ್ಲ. ಹೋಗಿದ್ದರೇ ಚೆನ್ನಾಗಿತ್ತು. ನಿನ್ನನ್ನೂ ನನ್ನ ಹಾಗೆ ಮಾಡುತ್ತೇನೆ ಅನ್ನುತ್ತಾನೆ. ಆದರೆ ಮಾಡುವುದು ತನ್ನ ಸಮಾನನನ್ನಾಗಿ ಅಲ್ಲ, ತನ್ನ ಸ್ಪಾನ್ ಆಗಿ. ಒಪ್ಪದಿದ್ದರೆ ಸಂಬಂಧ ಅಲ್ಲಿಗೆ ಮುಗಿಯಿತು. ಕ್ಯಾಜಡೋರ್ ತನ್ನ ಗುಲಾಮರಿಗೆ ಹಾಕಿದ್ದ ಕಟ್ಟಳೆಗಳಲ್ಲಿ ಕೊನೆಯದು, ನೀನು ನನ್ನವನು ಅನ್ನುವುದನ್ನು ತಿಳಿದಿರು ಎಂಬುದು. ಆಸ್ಟೇರಿಯನ್ ಈಗ ನಿಮಗೆ ಹೇಳುವ ಪ್ರೇಮದ ಮಾತಿನಲ್ಲೂ ಅದೇ ಧಾಟಿ. 2024ರ ಫೆಬ್ರವರಿಯಲ್ಲಿ ಬಂದ ಆರನೇ ಅಪ್‌ಡೇಟ್‌ನಲ್ಲಿ ಮುತ್ತಿನ ಹೊಸ ದೃಶ್ಯಗಳನ್ನು ಸೇರಿಸಿದಾಗ, ಈ ಆಸ್ಟೇರಿಯನ್ ಎದುರು ಪ್ರೇಮಿ ಮಂಡಿಯೂರುವ ಹಾಗೆ ಮಾಡಿದರು. ಅದು ಸುಮ್ನೆ ಅಲಂಕಾರಕ್ಕೆ ಇಟ್ಟದ್ದಲ್ಲ.

ಬೇಡ ಅಂದರೆ ಕಥೆ ಹೀಗೆ. ಬರೀ ಬೇಡ ಅಂದರೆ ಸಾಲದು, ಅವನ ಮೆಚ್ಚುಗೆ ಕಡಿಮೆಯಿದ್ದರೆ ಸಿಟ್ಟಿನಿಂದ ಹೊರಟೇ ಹೋಗಬಹುದು. ಇದರಿಂದ ನಿನಗೆ ಬಿಡುಗಡೆ ಸಿಗಲ್ಲ, ನೀನು ಅವನಿಗಿಂತ ಒಳ್ಳೆಯವನಾಗಬಲ್ಲೆ ಅಂತ ಅವನಿಗೆ ಮುಟ್ಟುವ ಹಾಗೆ ಹೇಳಬೇಕು. ಮುಟ್ಟಿದರೆ ಅವನು ವಿಧಿಯನ್ನು ಕೈಬಿಡುತ್ತಾನೆ. ಕ್ಯಾಜಡೋರ್‌ನನ್ನು ಚಾಕುವಿನಿಂದ ಇರಿಯುತ್ತಾನೆ. ಮತ್ತೆ ಇರಿಯುತ್ತಾನೆ. ಅವನು ಸತ್ತ ಮೇಲೂ ಇರಿಯುತ್ತಾನೆ. ಆಮೇಲೆ ಅಲ್ಲೇ ಕುಸಿದು ಬಾಯಿಬಿಟ್ಟು ಅಳುತ್ತಾನೆ. ಆಟದ ಉದ್ದಕ್ಕೂ ನಾಟಕದ ಧಾಟಿಯಲ್ಲಿ ಮಾತಾಡಿದವನು, ಆ ಅಳುವಿನಲ್ಲಿ ಮಾತ್ರ ಯಾರಿಗೂ ಏನನ್ನೂ ತೋರಿಸಲು ಹೋಗುವುದಿಲ್ಲ.

ಆಚೆ ಕಡೆಯವರ ಮಾತು

ಇಲ್ಲಿ ಬಲವಾದ ಒಂದು ಆಕ್ಷೇಪ ಇದೆ. ಅದನ್ನು ತಳ್ಳಿಹಾಕಲು ನನಗೆ ಇಷ್ಟವಿಲ್ಲ.

200 ವರ್ಷ ಅವನ ಪರವಾಗಿ ಬೇರೆಯವರೇ ತೀರ್ಮಾನ ಮಾಡಿದರು. ಮೊದಲ ಸಲ ಅವನೇ ಒಂದನ್ನು ಬೇಕು ಅಂತ ಕೇಳುತ್ತಿದ್ದಾನೆ. ಆಗ ನೀವು ಬಂದು, ನಿನಗೆ ಯಾವುದು ಒಳ್ಳೆಯದು ಅಂತ ನನಗೆ ಗೊತ್ತು ಅನ್ನುವುದು ಎಷ್ಟು ಸರಿ? ಅವನು ಕಳೆದುಕೊಳ್ಳುವುದೂ ಸಣ್ಣದಲ್ಲ. ಆಟದ ಕೊನೆಗೆ ಮಿದುಳಿನ ಹುಳ ಸಾಯುತ್ತದೆ, ಅದರ ಜೊತೆ ಬಿಸಿಲೂ ಹೋಗುತ್ತದೆ. ಎಲ್ಲರೂ ಗೆದ್ದು ಹಡಗುಕಟ್ಟೆಯ ಮೇಲೆ ನಿಂತಿರುವಾಗ ಅವನ ಚರ್ಮ ಸುಡಲು ಶುರುವಾಗುತ್ತದೆ, ನೆರಳು ಹುಡುಕಿಕೊಂಡು ಓಡುತ್ತಾನೆ. ಆ ದೃಶ್ಯ ನೋಡಿ ಕರುಳು ಕಿತ್ತು ಬರದವರಿಲ್ಲ. ನಿಮ್ಮ ಒಂದು 'ಬೇಡ'ಕ್ಕೆ ಅವನು ತೆತ್ತ ಬೆಲೆ ಅದು.

ಈ ವಾದದ ಮೊದಲ ಅರ್ಧ ನನಗೆ ಒಪ್ಪಿಗೆ. ಅವನ ಮೈ, ಅವನ ಹಾಸಿಗೆ, ಅವನ ಸಿಟ್ಟು ಎಲ್ಲ ಅವನದೇ. ಆರಾಜ್ ವಿಷಯದಲ್ಲಿ ಅವನು ಬೇಡ ಅಂದಾಗ ಅವನ ಮಾತೇ ಕೊನೆ. ಆದರೆ ವಿಧಿಯ ಹೊತ್ತಿನಲ್ಲಿ ಅವನು ಕೇಳುತ್ತಿರುವುದು ತನ್ನ ಮೈಯ ಮೇಲಿನ ಹಕ್ಕನ್ನಲ್ಲ. 7000 ಜನರ ಆತ್ಮದ ಮೇಲಿನ ಹಕ್ಕನ್ನು. ಅಷ್ಟೇ ಅಲ್ಲ, ಅದಕ್ಕೆ ನಿಮ್ಮ ಕಣ್ಣು ಕೇಳುತ್ತಿದ್ದಾನೆ. ನನ್ನ ಕಣ್ಣನ್ನು ಇದಕ್ಕೆ ಕೊಡುವುದಿಲ್ಲ ಅನ್ನುವುದು ಅವನ ಮೇಲಿನ ಅಧಿಕಾರ ಅಲ್ಲ. ಅದು ನಿಮ್ಮ ಪಾಲಿನ 'ಬೇಡ'. ಮೂನ್‌ರೈಸ್‌ನಲ್ಲಿ ಅವನಿಗೆ ಇದ್ದ ಹಕ್ಕು ಇಲ್ಲಿ ನಿಮಗೂ ಇದೆ.

ಬಿಸಿಲಿನ ವಿಷಯಕ್ಕೆ ನನ್ನ ಹತ್ತಿರ ಸಮಾಧಾನದ ಉತ್ತರ ಇಲ್ಲ. ಅದು ನಷ್ಟವೇ. ಒಳ್ಳೆಯ ಕಡೆ ಬಂದವನಿಗೆ ಎಲ್ಲವೂ ಸಿಗುತ್ತದೆ ಅಂತ ತೋರಿಸದೆ ಇದ್ದದ್ದರಿಂದಲೇ ಈ ಕಥೆ ಗಟ್ಟಿಯಾಗಿ ನಿಲ್ಲುತ್ತದೆ.

ಪ್ರೇಮ ಇಲ್ಲದೆ ಆಡಿದರೆ

ಪ್ರಕರಣದ ನಿರ್ಣಾಯಕ ಸಾಕ್ಷ್ಯ ಇಲ್ಲಿದೆ. ಆಸ್ಟೇರಿಯನ್‌ನನ್ನು ಪ್ರೇಮಿಸದೆ, ಬರೀ ಜೊತೆಗಾರನಾಗಿ ಇದ್ದುಕೊಂಡೂ ಆ ವಿಧಿಯಿಂದ ಅವನನ್ನು ಹಿಂದೆ ಕರೆತರಬಹುದು. ಮುತ್ತಿಲ್ಲ, ಹಾಸಿಗೆ ಇಲ್ಲ. ಅವನ ಕಷ್ಟ ಕೇಳಿದವರು, ಅವನ ಪರ ನಿಂತವರು, ಅವನು ನಂಬುವವರು ಆಗಿದ್ದರೆ ಸಾಕು. ಅದೇ ಮಾತು ಆಡುತ್ತೀರಿ, ಅವನು ಕೇಳುತ್ತಾನೆ, ಅದೇ ರೀತಿ ಅಳುತ್ತಾನೆ. ಇನ್ನೊಂದು ಕಡೆ, ಕೊನೆವರೆಗೂ ಉಸಿರಿಗೆ ಉಸಿರು ಎಂಬಂತೆ ಪ್ರೇಮಿಸಿದವರು ಅವನನ್ನು ಎರಡನೇ ಕ್ಯಾಜಡೋರ್ ಮಾಡಿ ಕೂರಿಸಬಹುದು.

ಅಂದರೆ ಪ್ರೇಮ ಇದ್ದೂ ಆಗದೆ ಇರಬಹುದು, ಇಲ್ಲದೆಯೂ ಆಗಬಹುದು. ಹಾಗಾದರೆ ಕೆಲಸ ಮಾಡಿದ್ದು ಏನು? ನನಗೆ ಕಂಡಂತೆ, ಮೊದಲನೆಯದು ಆ ಹುಳ ಕೊಟ್ಟ ದೂರ. ಹಿಂಸಿಸುವವನ ಕೈಯಲ್ಲಿ ಇರುವಾಗ ಯಾರ ಪ್ರೀತಿಯೂ ಅವನನ್ನು ಮುಟ್ಟುತ್ತಿರಲಿಲ್ಲ. ಆಮೇಲೆ, ಬೇಡ ಅಂದರೆ ಬೇಡ ಅಂತ ಒಪ್ಪುವ ಜನ ಸುತ್ತ ಇದ್ದದ್ದು. ಇದು ಒಬ್ಬರಿಂದ ಆದ ಕೆಲಸವೂ ಅಲ್ಲ. ರಾತ್ರಿ ಬೆಂಕಿ ಸುತ್ತ ಕೂರುವ ಆ ಗುಂಪಿನಲ್ಲಿ ಹಿಡಿತಕ್ಕೆ ಸಿಕ್ಕಿ ನರಳಿದವರು ಅವನೊಬ್ಬನೇ ಅಲ್ಲ. ಶಾಡೋಹಾರ್ಟ್‌ಗೆ ಅವಳ ದೇವತೆ, ವಿಲ್‌ಗೆ ಅವನು ಕರಾರು ಮಾಡಿಕೊಂಡ ಮಿಜೋರಾ, ಗೇಲ್‌ಗೆ ಅವನ ದೇವತೆ ಮಿಸ್ಟ್ರಾ. ಅವರು ತಮ್ಮ ಯಜಮಾನರಿಗೆ ಬೆನ್ನು ತಿರುಗಿಸುವುದನ್ನು ಅವನು ಹತ್ತಿರದಿಂದ ನೋಡುತ್ತಾನೆ. ಇದರ ಬಗ್ಗೆ ಜನ ಮಾತಾಡುವುದು ಕಡಿಮೆ, ಎಲ್ಲರ ಕಣ್ಣೂ ಪ್ರೇಮದ ಮೇಲೆ. ಕೊನೆಯದು, ತಾನು ಮಾಡಿದ್ದರ ಎದುರಿಗೆ ಅವನು ನಿಲ್ಲಬೇಕಾಗಿ ಬಂದದ್ದು. ನೆಲಮಾಳಿಗೆಗೆ ಇಳಿಯದೆ ಇದ್ದಿದ್ದರೆ ಅವನ ಪಾಪ ಒಂದು ದುಃಖದ ಕಥೆಯಾಗಿಯೇ ಉಳಿಯುತ್ತಿತ್ತು. ಇಳಿದ ಮೇಲೆ ಅದಕ್ಕೆ ಮುಖ ಬಂತು, ಹೆಸರು ಬಂತು.

ಪ್ರೀತಿಗೆ ಇದರಲ್ಲಿ ಪಾಲಿಲ್ಲ ಅನ್ನುತ್ತಿಲ್ಲ ನಾನು. ವಿಧಿ ಕೈಬಿಟ್ಟ ಆಸ್ಟೇರಿಯನ್ ತನ್ನ ಪ್ರೇಮಿಯನ್ನು ಸ್ಮಶಾನಕ್ಕೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಅವನದೇ ಗೋರಿಕಲ್ಲು ಇದೆ. ಒಂದು ಕಾಲಕ್ಕೆ ಅದರಡಿಯಿಂದ ಮಣ್ಣು ಬಗೆದು ಎದ್ದು ಬಂದವನು ಅವನು. ಇಷ್ಟು ವರ್ಷದಲ್ಲಿ ನನಗೆ ಏನು ಬೇಕು ಅಂತ ಯೋಚಿಸುವ ಅವಕಾಶವೇ ಅವನಿಗೆ ಸಿಕ್ಕಿರಲಿಲ್ಲ, ಈಗ ಯೋಚಿಸುತ್ತಿದ್ದಾನೆ. ಗೆಳೆಯನಾಗಿ ಆಡಿದವರಿಗೆ ಈ ದೃಶ್ಯ ಇಲ್ಲ. ಪ್ರೀತಿ ಕೊಟ್ಟದ್ದು ಇದನ್ನು. ಬದಲಾದವನ ಪಕ್ಕದಲ್ಲಿ ನಿಲ್ಲುವ ಜಾಗವನ್ನು.

ಉಳಿದ ಪ್ರಶ್ನೆ

ಆ ಕಂಬಿಗಳ ಹಿಂದೆ ಸೆಬಾಸ್ಟಿಯನ್ ಎಂಬ ಯುವಕ ಇದ್ದಾನೆ. ಆಸ್ಟೇರಿಯನ್ ಸಿಹಿ ಮಾತು ನಂಬಿ ಅವನ ಜೊತೆ ಬಂದವನು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಅಲ್ಲೇ ಇದ್ದಾನೆ. ಆಸ್ಟೇರಿಯನ್‌ಗೆ ಅವನ ಹೆಸರು ನೆನಪಿದೆ.

ಆಸ್ಟೇರಿಯನ್‌ನನ್ನು ನಾವು ಎಷ್ಟೇ ಪ್ರೀತಿಸಿದರೂ ಸೆಬಾಸ್ಟಿಯನ್ ಪರವಾಗಿ ಅವನನ್ನು ಕ್ಷಮಿಸುವ ಹಕ್ಕು ನಮಗಿಲ್ಲ. ರೊಮ್ಯಾನ್ಸ್ ಕಥೆಗಳು ಸಾಮಾನ್ಯವಾಗಿ ಇಂಥವರನ್ನು ಕಥೆಯಿಂದ ಹೊರಗೆ ಇಟ್ಟುಬಿಡುತ್ತವೆ. ಹಾಳಾದ ನಾಯಕ, ಅವನನ್ನು ಗೆದ್ದ ಪ್ರೇಮಿ, ಇಬ್ಬರೇ. ಅವನಿಂದ ಹಾಳಾದವರಿಗೆ ಒಂದು ಮಾತೂ ಇರುವುದಿಲ್ಲ. ಇಲ್ಲಿ ಅವರಿಗೆ ಮಾತಿದೆ. ಕ್ಯಾಜಡೋರ್ ಸತ್ತ ಮೇಲೆ ಆ 7000 ಜನರನ್ನು ಏನು ಮಾಡಬೇಕು ಅನ್ನುವುದು ತೀರ್ಮಾನವಾಗಬೇಕು. ಹಸಿದ ಅಷ್ಟು ಸ್ಪಾನ್‌ಗಳನ್ನು ಬಿಟ್ಟರೆ ಮುಂದೆ ಆಗುವ ಅನಾಹುತಕ್ಕೆ ಯಾರು ಹೊಣೆ? ಕೊಂದರೆ ಅವರು ಮಾಡಿದ ತಪ್ಪೇನು? ನಾನು ಬಿಡಿಸಿದೆ. ಅವರು ಭೂಗರ್ಭದ ಅಂಡರ್‌ಡಾರ್ಕ್ ಕಡೆ ಹೊರಟರು. 2023ರ ನವೆಂಬರ್ ಕೊನೆಯಲ್ಲಿ ಬಂದ ಐದನೇ ಅಪ್‌ಡೇಟ್ ಆರು ತಿಂಗಳ ನಂತರದ ಒಂದು ಕೂಟವನ್ನು ಸೇರಿಸಿತು. ಅಲ್ಲಿ ಆಸ್ಟೇರಿಯನ್ ಸಿಗುತ್ತಾನೆ, ಮಾತಾಡುತ್ತಾನೆ, ಚೆನ್ನಾಗಿಯೇ ಇದ್ದಾನೆ. ಸೆಬಾಸ್ಟಿಯನ್ ಆ ಕೂಟಕ್ಕೆ ಬಂದಿರುವುದಿಲ್ಲ.